ರಾಂಬ್ಲರ್: ದೊಡ್ಡ ಕಾರುಗಳ ನಾಡಿನಲ್ಲಿ ಒಂದು ಚಿಕ್ಕ ಕಾರಿನ ಏಳುಬೀಳು

1950ರ ದಶಕದ ಅಮೆರಿಕದ ಕಾರು ಅಂದ ಕೂಡಲೇ ನಮಗೆ ನೆನಪಾಗೋದು ಉದ್ದನೆಯ ಬಾನೆಟ್, ಹಿಂದೆ ಎದ್ದು ನಿಂತ ರೆಕ್ಕೆ, ಕಣ್ಣು ಕುಕ್ಕುವ ಕ್ರೋಮ್. ಶೆವರ್ಲೆ, ಪ್ಲಿಮತ್, ಕ್ಯಾಡಿಲಾಕ್‌ಗಳ ಫೋಟೋ ನೋಡಿ ನೋಡಿ ಆ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ 1961ರ ಲೆಕ್ಕ ತೆಗೆದು ನೋಡಿದರೆ, ಶೆವರ್ಲೆ ಮತ್ತು ಫೋರ್ಡ್ ಬಿಟ್ಟರೆ ಅಮೆರಿಕದಲ್ಲಿ ಅತಿ ಹೆಚ್ಚು ತಯಾರಾದ ಕಾರು ರಾಂಬ್ಲರ್. ಇದಕ್ಕೆ ರೆಕ್ಕೆ ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ಎಂಬ ಊರಿನಲ್ಲಿ, ಮಿಷಿಗನ್ ಸರೋವರದ ದಂಡೆಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಸಾದಾ ಸಂಸಾರಸ್ಥರ ಕಾರು ಅದು.

ಎಂಟೇ ವರ್ಷದಲ್ಲಿ, 1969ರಲ್ಲಿ, ರಾಂಬ್ಲರ್ ಅನ್ನೋ ಹೆಸರೇ ಅಮೆರಿಕದಲ್ಲಿ ನಿಂತುಹೋಯಿತು. ಅಷ್ಟು ಮೇಲೆ ಹೋದದ್ದು ಇಷ್ಟು ಬೇಗ ಬಿದ್ದದ್ದು ಯಾಕೆ? ಕಾರಿನ ಗುಣಮಟ್ಟ, ಮಾಲೀಕರ ಬುದ್ಧಿವಂತಿಕೆ, ಜನರ ರುಚಿ ಎಲ್ಲವೂ ಇದರಲ್ಲಿ ಸೇರಿಕೊಂಡಿವೆ. ಆದರೆ ನನ್ನ ಪ್ರಕಾರ ಈ ಕಥೆಯ ಕೀಲಿಕೈ ಇರೋದು ಉಕ್ಕಿನ ಹಾಳೆ ಒತ್ತಿ ಕಾರಿನ ಭಾಗ ಮಾಡುವ ಪ್ರೆಸ್ ಶಾಪ್‌ನಲ್ಲಿ. ಅದನ್ನು ಮೊದಲು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಡೈ ಖರ್ಚಿನ ಲೆಕ್ಕ

ಕಾರಿನ ಒಂದು ಬಾಗಿಲನ್ನೇ ತಗೊಳ್ಳಿ. ಚಪ್ಪಟೆ ಉಕ್ಕಿನ ಹಾಳೆಯನ್ನು ದೊಡ್ಡ ಪ್ರೆಸ್‌ನಲ್ಲಿಟ್ಟು, ಮೇಲೊಂದು ಕೆಳಗೊಂದು ಡೈ, ಅಂದರೆ ಅಚ್ಚು, ಕೂರಿಸಿ ಒತ್ತುತ್ತಾರೆ. ಪೀಣ್ಯದ ಕಡೆ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಒತ್ತಿಗೆ ಬಾಗಿಲು ತಯಾರಾಗಲ್ಲ. ಮೊದಲು ಉಬ್ಬು ತಗ್ಗಿನ ಆಕಾರ ಬರಬೇಕು, ಆಮೇಲೆ ಅಂಚು ಕತ್ತರಿಸಬೇಕು, ತೂತು ಹೊಡೆಯಬೇಕು, ಅಂಚು ಮಡಚಬೇಕು. ಒಂದೊಂದಕ್ಕೂ ಬೇರೆ ಬೇರೆ ಡೈ. ಬಾಗಿಲಿಗೆ ಹೊರಗಿನ ತಗಡು ಬೇರೆ, ಒಳಗಿನದು ಬೇರೆ. ಹೀಗೆ ಛಾವಣಿ, ಬಾನೆಟ್, ಮಡ್‌ಗಾರ್ಡ್, ಡಿಕ್ಕಿ ಅಂತ ಇಡೀ ಕಾರಿಗೆ ಹೋದರೆ ನೂರಾರು ಡೈಗಳು. ಒಂದೊಂದೂ ಟನ್‌ಗಟ್ಟಲೆ ತೂಕ. ನುರಿತ ಕೆಲಸಗಾರರು ತಿಂಗಳುಗಟ್ಟಲೆ ಕೂತು ಮಾಡಬೇಕಾದ ಕೆಲಸ.

ಈಗ ಲೆಕ್ಕಕ್ಕಾಗಿ ಒಂದು ಅಂಕಿ ಇಟ್ಟುಕೊಳ್ಳೋಣ. ಹೊಸ ಆಕಾರದ ಕಾರಿಗೆ ಡೈಗಳಿಗೇ 3 ಕೋಟಿ ಡಾಲರ್ ಆಯಿತು ಅನ್ನಿ. 10 ಲಕ್ಷ ಕಾರು ಮಾರುವವನಿಗೆ ಒಂದು ಕಾರಿನ ಮೇಲೆ ಬೀಳೋದು 30 ಡಾಲರ್. 1 ಲಕ್ಷ ಮಾರುವವನಿಗೆ 300 ಡಾಲರ್. ಕಾರಿನ ಬೆಲೆಯೇ 1,800 ಡಾಲರ್ ಇದ್ದ ಕಾಲದಲ್ಲಿ 300 ಡಾಲರ್ ಅಂದರೆ ಲಾಭ ಪೂರ್ತಿ ಹೋಗಿ ಕೈಯಿಂದಲೂ ಹಾಕಬೇಕು. ಡೈ ಅಷ್ಟು ಸುಲಭಕ್ಕೆ ಸವೆಯಲ್ಲ, ಆರೇಳು ವರ್ಷ ದುಡಿಸಬಹುದು. ಆದರೆ ಜನರಲ್ ಮೋಟರ್ಸ್ ಆಗ ಆಡುತ್ತಿದ್ದ ಆಟವೇ ಬೇರೆ: ಪ್ರತಿ ವರ್ಷ ಕಾರಿನ ಮುಖ ಬದಲಿಸು, ಮೂರು ವರ್ಷಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಬೇಗ, ಇಡೀ ಆಕಾರ ಬದಲಿಸು. ಪಕ್ಕದ ಮನೆಯವರು ಹೊಸ ಮಾಡೆಲ್ ತಂದರೆ ನಮ್ಮದು ಹಳೆಯದಾಗಿ ಕಾಣಬೇಕು. ಫೋರ್ಡ್, ಕ್ರೈಸ್ಲರ್ ಕೂಡ ಅದೇ ದಾರಿ ಹಿಡಿದವು. ಚಿಕ್ಕ ಕಂಪನಿಗಳ ಕತ್ತು ಹಿಸುಕಿದ್ದು ಈ ಪದ್ಧತಿ. ಕಾರು ಕೆಟ್ಟದ್ದಾಗಿರಬೇಕಿರಲಿಲ್ಲ, ಮಾರಾಟದ ಸಂಖ್ಯೆ ಕಡಿಮೆಯಾಗಿದ್ದರೆ ಸಾಕಿತ್ತು.

ಫ್ರಿಜ್ ಕಂಪನಿಯಿಂದ ಬಂದವನ ಯೋಜನೆ

ರಾಂಬ್ಲರ್ ಹೆಸರು ಹಳೆಯದು. ಥಾಮಸ್ ಜೆಫರಿ ಎಂಬಾತ ಮೊದಲು ಈ ಹೆಸರಿನ ಸೈಕಲ್ ಮಾಡುತ್ತಿದ್ದ. 1902ರಲ್ಲಿ ಕೆನೋಶಾದಲ್ಲಿ ರಾಂಬ್ಲರ್ ಕಾರು ಶುರು ಮಾಡಿದ. 1916ರಲ್ಲಿ ಚಾರ್ಲ್ಸ್ ನ್ಯಾಶ್ ಆ ಕಾರ್ಖಾನೆ ಕೊಂಡು ನ್ಯಾಶ್ ಮೋಟರ್ಸ್ ಕಟ್ಟಿದ. 1937ರಲ್ಲಿ ನ್ಯಾಶ್ ಕಂಪನಿ ಕೆಲ್ವಿನೇಟರ್ ಜೊತೆ ಸೇರಿತು. ಹೌದು, ನಮ್ಮ ಮನೆಗಳಲ್ಲೂ ಫ್ರಿಜ್ ಮೇಲೆ ನೋಡಿದ ಅದೇ ಕೆಲ್ವಿನೇಟರ್ ಹೆಸರು. ಅಲ್ಲಿಂದ ಬಂದ ಜಾರ್ಜ್ ಮೇಸನ್ ಎರಡೂ ಸೇರಿದ ಕಂಪನಿಯ ಮುಖ್ಯಸ್ಥನಾದ. ಕಾರಿಗೂ ಫ್ರಿಜ್‌ಗೂ ಏನು ಸಂಬಂಧ ಅನಿಸಬಹುದು. ಸಂಬಂಧ ಇತ್ತು. 1954ರಲ್ಲಿ, ಬೇರೆಯವರ ಕಾರ್ ಏಸಿ ಯಂತ್ರಗಳು ಡಿಕ್ಕಿಯ ಅರ್ಧ ಜಾಗ ನುಂಗುತ್ತಿದ್ದ ಹೊತ್ತಿನಲ್ಲಿ, ನ್ಯಾಶ್ ಏಸಿ ಮತ್ತು ಹೀಟರ್ ಎರಡನ್ನೂ ಸೇರಿಸಿ ಇಡೀ ವ್ಯವಸ್ಥೆಯನ್ನು ಬಾನೆಟ್ ಕಡೆಗೇ ಕೂರಿಸಿತು.

ಯುದ್ಧ ಮುಗಿದ ಹೊಸದರಲ್ಲಿ ಯಾರು ಏನು ಮಾಡಿದರೂ ಮಾರಾಟವಾಗುತ್ತಿತ್ತು. 1942ರ ಆರಂಭದಿಂದ ಯುದ್ಧ ಮುಗಿಯುವವರೆಗೆ ಜನರಿಗಾಗಿ ಕಾರು ತಯಾರಿಸೋದೇ ನಿಂತಿತ್ತಲ್ಲ, ಅಷ್ಟು ಹಸಿವು ಇತ್ತು. ಆದರೆ ಆ ಹಸಿವು ತೀರಿದ ಮೇಲೆ ಏನು ಗತಿ ಅಂತ ಮೇಸನ್‌ಗೆ ಚಿಂತೆ ಹತ್ತಿತ್ತು. ದೊಡ್ಡವರು ಮಾಡದ ಕಾರನ್ನೇ ಮಾಡಬೇಕು ಅನ್ನೋದು ಅವನ ತೀರ್ಮಾನ.

1950ರ ಏಪ್ರಿಲ್‌ನಲ್ಲಿ ನ್ಯಾಶ್ ರಾಂಬ್ಲರ್ ಬಂತು. ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 100 ಇಂಚು, ಕಾರಿನ ಉದ್ದ 176 ಇಂಚು. ಅಂದರೆ ಸುಮಾರು ನಾಲ್ಕೂವರೆ ಮೀಟರ್, ಇವತ್ತು ನಮ್ಮ ರಸ್ತೆಯಲ್ಲಿ ಓಡುವ ಹೋಂಡಾ ಸಿಟಿಯಷ್ಟು. ನಾವು ಅದನ್ನು ದೊಡ್ಡ ಕಾರು ಅಂತೀವಿ. ಅಮೆರಿಕದವರಿಗೆ ಅದು ಪುಟಾಣಿ. ಅದೇ ವರ್ಷದ ಸಾಮಾನ್ಯ ಶೆವರ್ಲೆ 5 ಮೀಟರ್ ಇತ್ತು.

ಮೇಸನ್‌ನ ಜಾಣತನ ಕಾಣೋದು ಮೊದಲ ಮಾಡೆಲ್‌ನ ಆಯ್ಕೆಯಲ್ಲಿ. ಚಿಕ್ಕ ಕಾರನ್ನು ಅಗ್ಗದ ಕಾರಾಗಿ ಮೊದಲು ತೋರಿಸಿದರೆ ಜನ ಅದನ್ನು ಬಡವರ ಕಾರು ಅಂತ ಶಾಶ್ವತವಾಗಿ ಪಕ್ಕಕ್ಕಿಡುತ್ತಾರೆ. ಜೊತೆಗೆ ಆಗ ಉಕ್ಕಿನ ಕೊರತೆ ಇದ್ದುದರಿಂದ ಹೆಚ್ಚು ಕಾರು ಮಾಡಲೂ ಆಗುತ್ತಿರಲಿಲ್ಲ. ಸ್ವಲ್ಪವೇ ಮಾಡೋದಾದರೆ ಒಳ್ಳೇದನ್ನೇ ಮಾಡೋಣ ಅಂತ ಛಾವಣಿ ತೆರೆಯುವ ಕನ್ವರ್ಟಿಬಲ್ ಬಿಟ್ಟ. ಬೆಲೆ 1,808 ಡಾಲರ್, ಶೆವರ್ಲೆ ಕನ್ವರ್ಟಿಬಲ್‌ಗಿಂತ ತುಸು ಕಡಿಮೆ. ಬೇರೆಯವರು ಹೆಚ್ಚಿನ ದುಡ್ಡು ಕೇಳುತ್ತಿದ್ದ ರೇಡಿಯೋ, ಹೀಟರ್, ಗಡಿಯಾರ, ಬಿಳಿ ಪಟ್ಟಿಯ ಟೈರು ಎಲ್ಲ ಅದರಲ್ಲೇ ಸೇರಿತ್ತು.

ಆ ಕನ್ವರ್ಟಿಬಲ್ ಅನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಕನ್ವರ್ಟಿಬಲ್‌ನಲ್ಲಿ ಛಾವಣಿ ಮಡಚಿದರೆ ಕಿಟಕಿಯ ಚೌಕಟ್ಟು ಸಮೇತ ಎಲ್ಲ ಮಾಯ. ರಾಂಬ್ಲರ್‌ನಲ್ಲಿ ಹಾಗಲ್ಲ. ಮುಂದಿನ ಗಾಜಿನ ಮೂಲೆಯಿಂದ ಹಿಂದಿನವರೆಗೆ ಎರಡೂ ಪಕ್ಕದಲ್ಲಿ ಉಕ್ಕಿನ ತೊಲೆ ಹಾಗೇ ನಿಂತಿರುತ್ತದೆ. ಬಟ್ಟೆಯ ಛಾವಣಿ ಮಾತ್ರ ಆ ತೊಲೆಗಳನ್ನೇ ಹಳಿಯಾಗಿ ಮಾಡಿಕೊಂಡು ಮೋಟರ್ ಸಹಾಯದಿಂದ ಹಿಂದಕ್ಕೆ ಸರಿಯುತ್ತದೆ. ಇದರ ಕಾರಣ ಕಾರು ಕಟ್ಟಿದ ರೀತಿಯಲ್ಲೇ ಇದೆ.

ಆಗಿನ ಬಹುತೇಕ ಅಮೆರಿಕನ್ ಕಾರುಗಳಲ್ಲಿ ಕೆಳಗೆ ಗಟ್ಟಿ ಚಾಸಿಸ್, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ. ಭಾರ ಹೊರೋದು ಚಾಸಿಸ್. ಈಗಿನ ಲಾರಿಗಳು ಹಾಗೇ ಇವೆ. ನ್ಯಾಶ್ 1941ರಲ್ಲೇ ತನ್ನ 600 ಮಾಡೆಲ್‌ನಲ್ಲಿ ಇದನ್ನು ಬಿಟ್ಟಿತ್ತು. ಒಂದು ಟ್ಯಾಂಕ್ ಪೆಟ್ರೋಲಿಗೆ 600 ಮೈಲಿ ಹೋಗುತ್ತದೆ ಅನ್ನೋ ಅರ್ಥದಲ್ಲಿ ಆ ಹೆಸರು. ಅದರಲ್ಲಿ ನೆಲ, ಕಂಬ, ಛಾವಣಿ, ಪಕ್ಕದ ತಗಡು ಎಲ್ಲವನ್ನೂ ಬೆಸುಗೆ ಹಾಕಿ ಒಂದೇ ಪೆಟ್ಟಿಗೆ ಮಾಡಿ, ಆ ಪೆಟ್ಟಿಗೆಯೇ ಭಾರ ಹೊರುವಂತೆ ಮಾಡಿದರು. ಇದನ್ನೇ ಯೂನಿಬಾಡಿ ಅನ್ನೋದು. ತೂಕ ಇಳಿಯುತ್ತದೆ, ಗಡಗಡ ಸದ್ದು ಕಡಿಮೆ, ಪೆಟ್ರೋಲ್ ಉಳಿಯುತ್ತದೆ. ತೊಂದರೆ ಏನೆಂದರೆ ಛಾವಣಿ ಕತ್ತರಿಸಿದರೆ ಪೆಟ್ಟಿಗೆಯ ಬಲವೇ ಹೋಗುತ್ತದೆ. ಅದಕ್ಕೇ ರಾಂಬ್ಲರ್ ಪಕ್ಕದ ತೊಲೆಗಳನ್ನು ಉಳಿಸಿಕೊಂಡಿತು. ಆ ತೊಲೆಗಳ ಅಂದ ಬೇರೆಯೇ, ಆದರೆ ಮೂಲದಲ್ಲಿ ಅದು ಬಲದ ಲೆಕ್ಕ.

1951ರ ಮೊಬಿಲ್‌ಗ್ಯಾಸ್ ಮೈಲೇಜ್ ಸ್ಪರ್ಧೆಯಲ್ಲಿ ರಾಂಬ್ಲರ್ ಗ್ಯಾಲನ್‌ಗೆ 31 ಮೈಲಿ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 13 ಕಿಲೋಮೀಟರ್. 172.6 ಘನ ಇಂಚಿನ, 82 ಅಶ್ವಶಕ್ತಿಯ ಆರು ಸಿಲಿಂಡರ್ ಹಳೇ ಎಂಜಿನ್‌ಗೆ ಅದು ಒಳ್ಳೆಯ ಅಂಕಿಯೇ.

ಅದೇ ಹೊತ್ತಿಗೆ ಇನ್ನೂ ಮೂವರು ಚಿಕ್ಕ ಕಾರಿಗೆ ಕೈ ಹಾಕಿದ್ದರು: ಕೈಸರ್ ಕಂಪನಿಯ ಹೆನ್ರಿ ಜೆ, ವಿಲ್ಲೀಸ್ ಏರೋ, ಹಡ್ಸನ್ ಜೆಟ್. ಮೂರೂ ನೆಲಕಚ್ಚಿದವು. ಹೆನ್ರಿ ಜೆ ಉದಾಹರಣೆ ಚೆನ್ನಾಗಿದೆ. ಬೆಲೆ ಇಳಿಸಲು ಶುರುವಿನ ಮಾಡೆಲ್‌ಗಳಲ್ಲಿ ಡಿಕ್ಕಿಗೆ ಬಾಗಿಲೇ ಇಟ್ಟಿರಲಿಲ್ಲ. ಹಿಂದಿನ ಸೀಟು ಮಡಚಿ ಒಳಗಿಂದ ಸಾಮಾನು ತೂರಿಸಬೇಕು. ಇನ್ನು ಸ್ವಲ್ಪ ದುಡ್ಡು ಹಾಕಿದರೆ ಶೆವರ್ಲೆಯೇ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ? 1954ಕ್ಕೆ ಅದರ ಕಥೆ ಮುಗಿಯಿತು.

ರೋಮ್ನಿಯ ಪಣ

1953–54ರಲ್ಲಿ ಫೋರ್ಡ್ ಮತ್ತು ಶೆವರ್ಲೆ ಒಂದನೇ ಸ್ಥಾನಕ್ಕಾಗಿ ಕಿತ್ತಾಡಿದವು. ಡೀಲರುಗಳ ಅಂಗಳ ತುಂಬಿ ತುಳುಕುವಷ್ಟು ಕಾರು ಕಳಿಸಿದರು, ಬೆಲೆ ಇಳಿಸಿದರು. ಇಬ್ಬರು ದೈತ್ಯರ ಜಗಳದಲ್ಲಿ ನಲುಗಿದ್ದು ನ್ಯಾಶ್, ಹಡ್ಸನ್, ಸ್ಟುಡಿಬೇಕರ್, ಪ್ಯಾಕಾರ್ಡ್. 1954ರ ಮೇ 1ರಂದು ನ್ಯಾಶ್-ಕೆಲ್ವಿನೇಟರ್ ಮತ್ತು ಹಡ್ಸನ್ ಸೇರಿ ಅಮೆರಿಕನ್ ಮೋಟರ್ಸ್ ಆಯಿತು. ನಾಲ್ಕೂ ಕಂಪನಿಗಳನ್ನು ಸೇರಿಸಬೇಕು ಅನ್ನೋದು ಮೇಸನ್ ಕನಸು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡ. ಜಾಗಕ್ಕೆ ಬಂದದ್ದು ಜಾರ್ಜ್ ರೋಮ್ನಿ.

ರೋಮ್ನಿ ಕೈಗೆ ಬಂದಾಗ ಕಂಪನಿ ಮುಳುಗುವ ಸ್ಥಿತಿಯಲ್ಲಿತ್ತು. 1956ರಲ್ಲಿ ನಷ್ಟ 2 ಕೋಟಿ ಡಾಲರ್ ಹತ್ತಿರ, 1957ರಲ್ಲಿ ಮತ್ತೆ 1 ಕೋಟಿಗೂ ಮೀರಿ. ಅವನು ಮಾಡಿದ ಧೈರ್ಯದ ಕೆಲಸ ಅಂದರೆ ನ್ಯಾಶ್ ಮತ್ತು ಹಡ್ಸನ್ ಎರಡೂ ಹೆಸರುಗಳನ್ನು 1957ಕ್ಕೆ ಕೈಬಿಟ್ಟಿದ್ದು. ಎಷ್ಟೋ ದಶಕದಿಂದ ಜನ ನಂಬಿಕೊಂಡು ಬಂದ ಹೆಸರುಗಳವು. ಎಲ್ಲ ದುಡ್ಡು, ಎಲ್ಲ ಗಮನ ರಾಂಬ್ಲರ್ ಒಂದರ ಮೇಲೆ. 1958ರಲ್ಲಿ ಇದರ ದೊಡ್ಡ ಮಾಡೆಲ್‌ಗೆ ಅಂಬಾಸಿಡರ್ ಅಂತ ಹೆಸರಿಟ್ಟರು. ಹಳೇ ನ್ಯಾಶ್ ಮಾಡೆಲ್‌ನ ಹೆಸರದು. ನಮ್ಮ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ್ದು, ಇದಕ್ಕೂ ಅದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ.

ಅಷ್ಟರಲ್ಲಿ ಕಾರೂ ಸುಧಾರಿಸಿತ್ತು. 1954ರಲ್ಲಿ 108 ಇಂಚು ವೀಲ್‌ಬೇಸ್‌ನ ನಾಲ್ಕು ಬಾಗಿಲ ರಾಂಬ್ಲರ್ ಬಂದಿತ್ತು, ಜೊತೆಗೆ ಕ್ರಾಸ್ ಕಂಟ್ರಿ ಎಂಬ ಸ್ಟೇಷನ್ ವ್ಯಾಗನ್. ಆ ವ್ಯಾಗನ್ ಛಾವಣಿ ಹಿಂದಕ್ಕೆ ಹೋದಂತೆ ಒಂದು ಮೆಟ್ಟಿಲು ಇಳಿದಂತೆ ತಗ್ಗುತ್ತದೆ, ಅದರ ಮೇಲೆ ಸಾಮಾನಿನ ಕ್ಯಾರಿಯರ್. ನೋಡಲು ಏನೋ ಹೊಸ ಫ್ಯಾಷನ್ ಅನಿಸುತ್ತೆ. ಅಸಲು ಸಂಗತಿ ಉಳಿತಾಯ: ಸೆಡಾನ್‌ಗೂ ವ್ಯಾಗನ್‌ಗೂ ಬಾಗಿಲ ಚೌಕಟ್ಟಿನ ಡೈಗಳು ಒಂದೇ ಆಗಿರಲಿ ಅಂತ ಹೀಗೆ ಮಾಡಿದರು. ತಗ್ಗಿದ ಜಾಗ ಕಣ್ಣಿಗೆ ಹೊಡೆಯದಿರಲಿ ಅಂತ ಕ್ಯಾರಿಯರ್ ಕೂರಿಸಿದರು. ಹೊಸ ಬಡಾವಣೆಗಳಿಗೆ ಮನೆ ಬದಲಿಸಿದ, ಮಕ್ಕಳುಮರಿ ಇರುವ ಸಂಸಾರಗಳಿಗೆ ಆ ಕ್ಯಾರಿಯರ್ ಬಹಳ ಹಿಡಿಸಿತು. ಇದರಂಥ ಅಡ್ಡದಾರಿಗಳು ನನಗೆ ತುಂಬ ಇಷ್ಟ. ದುಡ್ಡಿಲ್ಲದ ಎಂಜಿನಿಯರ್ ಕೂತು ಯೋಚಿಸಿದ್ದು ಗ್ರಾಹಕನಿಗೆ ಸೌಕರ್ಯವಾಗಿ ಸಿಕ್ಕಿತು.

1955ರಲ್ಲಿ ಮುಂದಿನ ಚಕ್ರದ ಮೇಲೆ ಕವಿದಿದ್ದ ತಗಡನ್ನೂ ತೆಗೆದರು. ನ್ಯಾಶ್ ಕಾರುಗಳಲ್ಲಿ ಮುಂದಿನ ಚಕ್ರ ಅರ್ಧ ಮುಚ್ಚಿರುತ್ತಿತ್ತು. ಗಾಳಿಗೆ ಒಳ್ಳೇದಿರಬಹುದು, ಆದರೆ ಚಕ್ರ ಪೂರ್ತಿ ತಿರುಗದೆ ಗಾಡಿ ಹೊರಳಿಸಲು ಕಷ್ಟ, ಪಂಚರ್ ಆದರೆ ಇನ್ನೂ ಕಷ್ಟ.

ಆಮೇಲೆ 1958. ಅಮೆರಿಕದ ಆರ್ಥಿಕತೆ ಕುಸಿಯಿತು. ಹಿಂದಿನ ವರ್ಷ 60 ಲಕ್ಷ ದಾಟಿದ್ದ ಕಾರು ಉತ್ಪಾದನೆ 43 ಲಕ್ಷದ ಆಸುಪಾಸಿಗೆ ಬಿತ್ತು. ಫೋರ್ಡ್ ಅಪಾರ ದುಡ್ಡು ಸುರಿದು ತಂದ ಎಡ್ಸೆಲ್ ಕೈಕೊಟ್ಟದ್ದು ಆಗಲೇ. ಆ ಹೊತ್ತಿಗೆ ರೋಮ್ನಿ ಮಾಡಿದ್ದು ಕೇಳಿದರೆ ಆಶ್ಚರ್ಯ ಆಗುತ್ತೆ. 1955ಕ್ಕೆ ನಿಲ್ಲಿಸಿದ್ದ 100 ಇಂಚಿನ ಹಳೇ ಚಿಕ್ಕ ರಾಂಬ್ಲರ್‌ನ ಡೈಗಳನ್ನು ಹೊರತೆಗೆಸಿದ. ಮುಂದಿನ ಜಾಲರಿ ಬದಲಿಸಿ, ಹಿಂದಿನ ಚಕ್ರದ ಜಾಗ ಅಗಲ ಮಾಡಿ, ರಾಂಬ್ಲರ್ ಅಮೆರಿಕನ್ ಅಂತ ಹೆಸರಿಟ್ಟು 1,789 ಡಾಲರಿಗೆ ಮಾರಾಟಕ್ಕಿಟ್ಟ. ನಿಂತುಹೋಗಿದ್ದ ಕಾರನ್ನು ಹೀಗೆ ಮತ್ತೆ ತಂದು ಗೆದ್ದವರು ಬಹಳ ಕಡಿಮೆ. ಡೈಗಳ ಖರ್ಚು ಎಂದೋ ತೀರಿಹೋಗಿತ್ತಲ್ಲ, ಹಾಗಾಗಿ ಕಾರು ಅಗ್ಗವಾಗಿದ್ದರೂ ಕಂಪನಿಗೆ ಲಾಭ ಬಂತು. ಆ ವರ್ಷ ಅಮೆರಿಕನ್ ಮೋಟರ್ಸ್‌ಗೆ 2 ಕೋಟಿ 60 ಲಕ್ಷ ಡಾಲರ್ ಲಾಭ, ಮರುವರ್ಷ ಸುಮಾರು 6 ಕೋಟಿ.

ರೋಮ್ನಿ ಮಾರಾಟದಲ್ಲೂ ಗಟ್ಟಿಗ. ಊರೂರು ಸುತ್ತಿ ಭಾಷಣ ಮಾಡಿದ. ದೊಡ್ಡ ಕಾರುಗಳನ್ನು ಪೆಟ್ರೋಲ್ ಕುಡಿಯುವ ಡೈನೋಸಾರ್ ಅಂತ ಕರೆದ. ಆ ಮಾತಿಗೆ ಬಲ ಕೊಟ್ಟದ್ದು ಎದುರಾಳಿಗಳೇ. 1959ರ ಶೆವರ್ಲೆ 211 ಇಂಚು ಉದ್ದ, 80 ಇಂಚು ಅಗಲಕ್ಕೆ ಬೆಳೆದಿತ್ತು, ಹಳೇ ಗ್ಯಾರೇಜುಗಳಲ್ಲಿ ಹಿಡಿಸೋದೇ ಕಷ್ಟ. 1961ರಲ್ಲಿ ಕಾರ್ಮಿಕ ಸಂಘದ ಜೊತೆ ಲಾಭ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡದ್ದೂ ರೋಮ್ನಿಯೇ, ಅಮೆರಿಕದ ಕಾರು ಉದ್ಯಮದಲ್ಲಿ ಅದು ಮೊದಲು.

ಉಳಿಸಿದ ದುಡ್ಡನ್ನು ಎಲ್ಲಿ ಹಾಕಿದರು ಅನ್ನೋದನ್ನೂ ನೋಡಬೇಕು. ವರ್ಷವರ್ಷ ಮುಖ ಬದಲಿಸುವ ಬದಲು ಬಾಳಿಕೆಗೆ ಹಾಕಿದರು. ಯೂನಿಬಾಡಿಗೆ ತುಕ್ಕು ಹಿಡಿದರೆ ಕಾರಿನ ಬಲವೇ ಹೋದಂತೆ. ಅದಕ್ಕೆ ಇಡೀ ಬಾಡಿಯನ್ನು ಛಾವಣಿಯ ಹತ್ತಿರದವರೆಗೆ ಪ್ರೈಮರ್, ಅಂದರೆ ತುಕ್ಕು ತಡೆಯುವ ಮೊದಲ ಲೇಪ, ತುಂಬಿದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುತ್ತಿದ್ದರು. ಸ್ಪ್ರೇ ಮಾಡಿದರೆ ಬಾಗಿಲ ಒಳಗಿನ ಸಂದಿ, ಕೆಳಗಿನ ತೊಲೆಯ ಪೊಳ್ಳು ಭಾಗ ಒಣಗೇ ಉಳಿಯುತ್ತದೆ. ಮುಳುಗಿಸಿದರೆ ಎಲ್ಲಕ್ಕೂ ಲೇಪ. 1962ರಲ್ಲಿ ಎಲ್ಲ ರಾಂಬ್ಲರ್‌ಗಳಿಗೂ ಎರಡು ಭಾಗದ ಬ್ರೇಕ್ ವ್ಯವಸ್ಥೆ ಬಂತು. ಒಂದು ಪೈಪ್ ಒಡೆದರೂ ಇನ್ನೆರಡು ಚಕ್ರಕ್ಕೆ ಬ್ರೇಕ್ ಹಿಡಿಯುತ್ತದೆ. ಆ ವರ್ಷ ಇದನ್ನು ಕೊಟ್ಟ ಇನ್ನೊಂದು ಕಾರು ದುಬಾರಿ ಕ್ಯಾಡಿಲಾಕ್. ಹಿಂದಕ್ಕೆ ಮಲಗಿ ಹಾಸಿಗೆಯಾಗುವ ಮುಂದಿನ ಸೀಟುಗಳೂ ಇದ್ದವು. ದೂರದ ಪ್ರಯಾಣದಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಅದು ವರ.

1963ರ ಕ್ಲಾಸಿಕ್ (ರಾಂಬ್ಲರ್‌ನ ಮಧ್ಯಮ ಅಳತೆಯ ಮಾಡೆಲ್) ಮತ್ತು ಅಂಬಾಸಿಡರ್ ಈ ದಾರಿಯ ತುತ್ತತುದಿ. ಬಾಗಿಲ ಸುತ್ತಲಿನ ಇಡೀ ಪಕ್ಕವನ್ನು ಒಂದೇ ಹಾಳೆಯಿಂದ ಒತ್ತಿ ತೆಗೆದರು. ಮುಂಚೆ 52 ಬಿಡಿ ಭಾಗ ಬೆಸೆಯಬೇಕಾಗಿದ್ದ ಜಾಗವದು. ಬೆಸುಗೆ ಕಡಿಮೆ, ತೂಕ ಕಡಿಮೆ, ಬಾಗಿಲು ಸಂದಿಲ್ಲದೆ ಕೂರುತ್ತದೆ. ಮೋಟರ್ ಟ್ರೆಂಡ್ ಪತ್ರಿಕೆ ಆ ವರ್ಷದ ಕಾರು ಪ್ರಶಸ್ತಿಯನ್ನು ಇಡೀ ರಾಂಬ್ಲರ್ ಸಾಲಿಗೇ ಕೊಟ್ಟಿತು. ಮರುವರ್ಷ ವಿನ್ಯಾಸಕ ಡಿಕ್ ಟೀಗ್ ಅದೇ ಬಾಡಿಯ ನಡುಭಾಗವನ್ನು ಉಳಿಸಿಕೊಂಡು, ಎರಡು ತುದಿ ಚಿಕ್ಕದು ಮಾಡಿ, 1964ರ ಹೊಸ ಅಮೆರಿಕನ್ ಮಾಡಿದ. ಬಾಗಿಲುಗಳೂ ಬಹುಪಾಲು ಅವೇ. ಈಗ ನೋಡಿದರೂ ಚೆಂದವಾಗಿ ಕಾಣುವ ಕಾರದು.

ಇಳಿಜಾರು

1962ರ ಶುರುವಿನಲ್ಲಿ ರೋಮ್ನಿ ಕಂಪನಿ ಬಿಟ್ಟು ರಾಜಕೀಯಕ್ಕೆ ಹೋದ, ಮಿಷಿಗನ್ ಗವರ್ನರ್ ಆದ. ಬಂದವನು ರಾಯ್ ಅಬರ್ನಥಿ, ಮಾರಾಟ ವಿಭಾಗದಲ್ಲಿ ಬೆಳೆದವ. ರಾಂಬ್ಲರ್ ಕೊಂಡವರು ಸಂಬಳ ಜಾಸ್ತಿಯಾದ ಮೇಲೆ ದೊಡ್ಡ ಕಾರಿಗಾಗಿ ಬೇರೆ ಕಂಪನಿಗೆ ಹೋಗುತ್ತಿದ್ದಾರೆ, ಅವರನ್ನು ಹಿಡಿದಿಟ್ಟುಕೊಳ್ಳಲು ನಮ್ಮಲ್ಲೂ ದೊಡ್ಡದು ಬೇಕು ಅನ್ನೋದು ಅವನ ವಾದ. 1965ರಲ್ಲಿ ಅಂಬಾಸಿಡರ್‌ನ ವೀಲ್‌ಬೇಸ್ 116 ಇಂಚಿಗೆ ಹಿಗ್ಗಿತು. 1966ರಲ್ಲಿ ಅದರ ಮೇಲಿಂದ ರಾಂಬ್ಲರ್ ಹೆಸರನ್ನೇ ತೆಗೆದರು, ಆ ಹೆಸರಿಗೆ ಅಗ್ಗದ ವಾಸನೆ ಇದೆ ಅಂತ. 1967ಕ್ಕೆ ಮತ್ತೆ ಹೊಸ ಬಾಡಿ, ಮತ್ತೆ ಹೊಸ ಡೈ. ಮೂರು ವರ್ಷಕ್ಕೊಮ್ಮೆ ಎಲ್ಲ ಬದಲಿಸುವ ದೊಡ್ಡವರ ಆಟಕ್ಕೆ ಚಿಕ್ಕ ಕಂಪನಿ ಇಳಿದಿತ್ತು. ಅತ್ತ ಮಾರಾಟ ಇಳಿಯುತ್ತಲೇ ಹೋಯಿತು. 1967ರಲ್ಲಿ ನಷ್ಟ ಏಳೂವರೆ ಕೋಟಿ ಡಾಲರ್ ದಾಟಿತು.

ಈ ಕಥೆ ಹೇಳುವವರು ಬಹಳಷ್ಟು ಜನ ಅಬರ್ನಥಿಯನ್ನು ಖಳನಾಯಕ ಮಾಡುತ್ತಾರೆ. ನನಗೆ ಅದು ಪೂರ್ತಿ ನ್ಯಾಯ ಅನಿಸಲ್ಲ. 1959ರ ಕೊನೆಗೇ ಫೋರ್ಡ್ ಫಾಲ್ಕನ್, ಶೆವರ್ಲೆ ಕಾರ್ವೇರ್, ಕ್ರೈಸ್ಲರ್ ವೇಲಿಯಂಟ್ ಬಂದಾಗಿತ್ತು. ಚಿಕ್ಕ ಕಾರಿನ ಮಾರುಕಟ್ಟೆ ರಾಂಬ್ಲರ್‌ನ ಸ್ವಂತ ಹೊಲವಾಗಿ ಉಳಿದಿರಲಿಲ್ಲ. ಆಮೇಲೆ ಫೇರ್‌ಲೇನ್, ಶೆವೆಲ್‌ನಂಥ ಮಧ್ಯಮ ಅಳತೆಯ ಕಾರುಗಳು ಬಂದು ಕ್ಲಾಸಿಕ್‌ನ ಜಾಗಕ್ಕೂ ಕೈ ಹಾಕಿದವು. ಕೆಳಗಿನಿಂದ ಫೋಕ್ಸ್‌ವ್ಯಾಗನ್ ಬೀಟಲ್ ಒತ್ತುತ್ತಿತ್ತು. ರೋಮ್ನಿಯೇ ಇದ್ದಿದ್ದರೂ 1961ರ ಮೂರನೇ ಸ್ಥಾನ ಉಳಿಯುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ. ಅಬರ್ನಥಿಯ ತಪ್ಪು ಇರೋದು ಬೇರೆ ಕಡೆ. ಬಾಳಿಕೆ, ಉಳಿತಾಯ ಅಂತ ನಂಬಿ ಬಂದ ಗಿರಾಕಿಗಳಿಗೆ ಬೇರೆಯವರ ಕಾರಿನಂತೆಯೇ ಕಾಣುವ ಕಾರು ಕೊಟ್ಟ. ಅದೇ ಬೇಕಿದ್ದರೆ ಅವರು ಅಸಲಿ ಶೆವರ್ಲೆಯನ್ನೇ ಕೊಳ್ಳುತ್ತಿದ್ದರು, ಅಲ್ವಾ?

1967ರ ಜನವರಿಯಲ್ಲಿ ಅವನು ಹೊರನಡೆದ, ರಾಯ್ ಚೇಪಿನ್ ಜೂನಿಯರ್ ಬಂದ. ಬಂದ ಕೂಡಲೇ ಅಮೆರಿಕನ್ ಮಾಡೆಲ್ ಬೆಲೆಯನ್ನು ಬೀಟಲ್ ಹತ್ತಿರಕ್ಕೆ ಇಳಿಸಿ, ಸುಮ್ಸುಮ್ನೆ ವರ್ಷವರ್ಷ ಆಕಾರ ಬದಲಿಸಲ್ಲ ಅಂತ ಕಂಪನಿ ಹೇಳಿತು. ರೋಮ್ನಿಯ ಪಾಠವೇ ಇದು. ಮಾರಾಟ ಸ್ವಲ್ಪ ಚೇತರಿಸಿತು. ದುಡ್ಡಿಗಾಗಿ 1968ರಲ್ಲಿ ಕೆಲ್ವಿನೇಟರ್ ವಿಭಾಗವನ್ನೂ ಮಾರಬೇಕಾಯಿತು. ಆದರೆ ಹೊಸಬರಿಗೆ ಬೇಕಿದ್ದದ್ದು ಯುವಕರನ್ನು ಸೆಳೆಯುವ ಹೊಸ ಹೆಸರುಗಳು. 1969ರ ಜೂನ್ ಕೊನೆಗೆ ಕೆನೋಶಾದಲ್ಲಿ ಕೊನೆಯ ರಾಂಬ್ಲರ್ ತಯಾರಾಯಿತು. 1950ರಿಂದ ಅಲ್ಲಿಗೆ 42 ಲಕ್ಷಕ್ಕೂ ಮೇಲೆ ರಾಂಬ್ಲರ್‌ಗಳು ಹೊರಬಂದಿದ್ದವು. ಅದರ ಜಾಗಕ್ಕೆ ಹಾರ್ನೆಟ್ ಬಂತು. ಮೆಕ್ಸಿಕೋದಲ್ಲಿ ಮಾತ್ರ ರಾಂಬ್ಲರ್ ಹೆಸರು 1983ರವರೆಗೂ ಬದುಕಿತ್ತು.

ಹೆಸರು ಹೋದರೂ ಎಂಜಿನ್ ಉಳಿಯಿತು. 1964ರಲ್ಲಿ ರಾಂಬ್ಲರ್‌ಗಾಗಿ ಮಾಡಿದ 232 ಘನ ಇಂಚಿನ, ಏಳು ಮೇನ್ ಬೇರಿಂಗ್‌ನ (ಒಳಗೆ ತಿರುಗುವ ಮುಖ್ಯ ದಂಡವನ್ನು ಹಿಡಿದಿಡುವ ಆಧಾರಗಳು) ಆರು ಸಿಲಿಂಡರ್ ಎಂಜಿನ್ ಅದು. 1970ರಲ್ಲಿ ಅಮೆರಿಕನ್ ಮೋಟರ್ಸ್ ಜೀಪ್ ಕಂಪನಿಯನ್ನು ಕೊಂಡ ಮೇಲೆ ಅದು ಜೀಪ್‌ಗಳಿಗೂ ಹೋಯಿತು. 1984ರ ಜೀಪ್ ಚೆರೋಕಿಯಲ್ಲಿ ಚಾಸಿಸ್ ಬಿಟ್ಟು ಯೂನಿಬಾಡಿ ಮಾಡಿದ್ದೂ ಇದೇ ಕಂಪನಿ. 1987ರಲ್ಲಿ ಕ್ರೈಸ್ಲರ್ ಎಲ್ಲವನ್ನೂ ಕೊಂಡಿತು. 1988ರ ಕೊನೆಗೆ ಕೆನೋಶಾದಲ್ಲಿ ಕಾರು ಜೋಡಿಸೋದು ನಿಂತು, ಎಂಜಿನ್ ಕೆಲಸ ಮಾತ್ರ ಉಳಿಯಿತು. ಆ ಹಳೇ ಆರು ಸಿಲಿಂಡರ್‌ನಿಂದ ಬೆಳೆಸಿದ 4 ಲೀಟರ್ ಎಂಜಿನ್ 2006ರವರೆಗೂ ಜೀಪ್ ರಾಂಗ್ಲರ್‌ನಲ್ಲಿ ಬರುತ್ತಿತ್ತು. ಲಕ್ಷಗಟ್ಟಲೆ ಮೈಲಿ ಓಡಿದರೂ ಕೈಕೊಡಲ್ಲ ಅಂತ ಜೀಪ್ ಇಟ್ಟುಕೊಂಡವರು ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.